ಮಗುವನ್ನು ಎಬ್ಬಿಸಿ ಕರೆತನ್ನಿ ಎನ್ನುವ ಬೀಗದಕ್ಕ

ಬೆಳಗಿನ ಮೊದಲ ಬಸ್ಸು ಇನ್ನೂ ಎಂಜಿನ್ ಬಿಸಿ ಮಾಡಿಕೊಳ್ಳುತ್ತಿದೆ. ನಿಲ್ದಾಣದ ಗೋಡೆಗೆ ಆತುಕೊಂಡಿರುವ ಸಾಲಂಗಡಿಗಳಲ್ಲಿ ಚಹಾದಂಗಡಿ ಬಿಟ್ಟರೆ ಬಾಗಿಲು ತೆರೆದಿರುವುದು ಒಂದೇ. ಇಬ್ಬರು ಒಳಗೆ ಬಂದರೆ ಮೂರನೆಯವರು ಬೀದಿಯಲ್ಲೇ ಕಾಯಬೇಕಾದಷ್ಟು ಇಕ್ಕಟ್ಟಾದ ಮೊಬೈಲ್ ರಿಪೇರಿ ಅಂಗಡಿ ಅದು. ಕೌಂಟರಿನ ಹಿಂದೆ ಕುಳಿತ ಹೆಂಗಸು ಒಡೆದ ಪರದೆಯೊಂದಕ್ಕೆ ಬಿಸಿಗಾಳಿ ಹಿಡಿದು, ಅಂಟು ಸಡಿಲವಾದ ಮೇಲೆ ತೆಳ್ಳನೆಯ ತಗಡಿನಿಂದ ಅಂಚು ಎಬ್ಬಿಸುತ್ತಿದ್ದಾರೆ. ಕಣ್ಣು ಪರದೆಯ ಮೇಲಿದೆ, ಕಿವಿ ಬೀದಿಯ ಮೇಲಿದೆ.

ಕಾರ್ಖಾನೆಯ ಸಮವಸ್ತ್ರ ತೊಟ್ಟ ಒಬ್ಬರು ಬಂದು ನಿಲ್ಲುತ್ತಾರೆ. ಅತ್ತಿತ್ತ ನೋಡಿ, ಅಂಗಿಯ ಒಳಗಿನಿಂದ ಒಂದು ಫೋನು ತೆಗೆಯುತ್ತಾರೆ. ಹಿಂಬದಿಯಲ್ಲಿ ಬೆಕ್ಕಿನ ಚಿತ್ರ ಅಂಟಿಸಿದ ಗುಲಾಬಿ ಬಣ್ಣದ ಫೋನು. ಅದು ಅವರದ್ದಲ್ಲ ಎಂದು ಯಾರು ಬೇಕಾದರೂ ಹೇಳಿಯಾರು.

“ಅಕ್ಕ, ಬೇಗ ಒಂದು ಬೀಗ ಹಾಕಿಕೊಡಿ. ಮಗಳು ಏಳೋದ್ರೊಳಗೆ ದಿಂಬಿನ ಕೆಳಗೆ ವಾಪಸ್ ಇಡ್ಬೇಕು.”

ಆಕೆ ಫೋನಿಗೆ ಕೈಯೊಡ್ಡುವುದಿಲ್ಲ. “ಎಬ್ಬಿಸಿ ಕರ್ಕೊಂಡು ಬನ್ನಿ.”

“ಯಾರನ್ನ?”

“ಮಗಳನ್ನ. ಅವಳು ಇಲ್ದೆ ನಾನು ಹಾಕಲ್ಲ.”

“ಅವಳಿಗೆ ಗೊತ್ತಾದ್ರೆ ಹಾಕ್ಸೋಕೆ ಬಿಡ್ತಾಳಾ? ಈಗ ಎಂಟನೇ ಕ್ಲಾಸು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ, ನೀವೇ ಹೇಳಿ.”

“ಬಗ್ಗಿಸೋಕಾದ್ರೂ ಗಿಡ ಎದುರಿಗೆ ಇರ್ಬೇಕಲ್ಲಣ್ಣ. ನೀವು ಬರೀ ಕುಂಡ ತಂದಿದ್ದೀರಿ.”

ಚಹಾದಂಗಡಿಯವನು ಕಿಸಕ್ಕನೆ ನಗುತ್ತಾನೆ. ಆ ತಂದೆಗೆ ನಗು ಬರುವುದಿಲ್ಲ. ಹೊರಡಲು ಅಣಿಯಾದ ಬಸ್ಸನ್ನೊಮ್ಮೆ, ಕೈಯಲ್ಲಿನ ಫೋನನ್ನೊಮ್ಮೆ ನೋಡಿ, ಗೊಣಗುತ್ತಾ ಮನೆಯ ದಿಕ್ಕಿಗೆ ತಿರುಗುತ್ತಾರೆ.

ಈ ಬೀದಿಯಲ್ಲಿ ಆಕೆಗೆ ಬೀಗದಕ್ಕ ಎಂದೇ ಹೆಸರು. ಕಬ್ಬಿಣದ ಬೀಗ ರಿಪೇರಿ ಅವರಿಗೆ ಬರುವುದಿಲ್ಲ. ಮಕ್ಕಳ ಕೈಗೆ ಕೊಟ್ಟ ಫೋನಿಗೆ ಹೆತ್ತವರು ಹಾಕಿಸುವ ಕಡಿವಾಣಕ್ಕೆ ಇಲ್ಲಿನವರು ಬೀಗ ಎನ್ನುತ್ತಾರೆ. ದಿನಕ್ಕೆ ಎಷ್ಟು ಹೊತ್ತು ಫೋನು ನಡೆಯಬೇಕು, ಯಾವ ಆಟ ತೆರೆಯಬಾರದು, ಯಾವ ಪುಟ ಕಾಣಬಾರದು, ಗುರುತಿಲ್ಲದವರ ಸಂದೇಶ ಒಳಗೆ ಬರಬೇಕೋ ಬೇಡವೋ, ಇವನ್ನೆಲ್ಲ ಅಪ್ಪನೋ ಅಮ್ಮನೋ ತಮ್ಮ ಫೋನಿನಿಂದಲೇ ನಿಯಂತ್ರಿಸುವ ಏರ್ಪಾಡು. ಮನೆಯಲ್ಲೇ ಹಾಕಿಕೊಳ್ಳಬಹುದು, ಬ್ರಹ್ಮವಿದ್ಯೆಯೇನಲ್ಲ. ಆದರೆ ಫೋನಿನ ವಿಷಯದಲ್ಲಿ ಮಕ್ಕಳದ್ದೇ ಒಂದು ಕೈ ಮೇಲು. ಇವರು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ. ಹಾಗಾಗಿ ಬೀಗದಕ್ಕನಿಗೆ ಗಿರಾಕಿಗಳ ಬರ ಬಂದದ್ದಿಲ್ಲ.

ಫೋನು ಮಕ್ಕಳನ್ನು ಕೆಡಿಸುತ್ತದೆ ಎಂಬ ಭಾಷಣವನ್ನು ನಾವು ಫೋನಿನಲ್ಲೇ ಕೇಳುತ್ತೇವೆ, ಕೇಳಿ ಇನ್ನೂ ಹತ್ತು ಜನರಿಗೆ ಕಳಿಸುತ್ತೇವೆ. ಬೀಗ ಬೇಕೆನ್ನುವವರೂ ಬೇಡವೆನ್ನುವವರೂ ವೇದಿಕೆ ಸಿಕ್ಕಿದಲ್ಲೆಲ್ಲ ಗಂಟಲು ಹರಿದುಕೊಳ್ಳುತ್ತಾರೆ. ಕೂತು ಬೀಗ ಹಾಕುವವರನ್ನು ಕರೆದು ಕೇಳಿದವರಿಲ್ಲ. ಕೇಳಿಬಿಡೋಣ ಎಂದು ನಾನು ಈ ಅಂಗಡಿಗೆ ಬಂದೆ. ಪತ್ರಿಕೆಯ ವಾರಾಂತ್ಯದ ಪುಟಕ್ಕೆ ಹಗುರವಾದ ನಾಲ್ಕು ಮಾತು ಸಿಕ್ಕಾವು ಎಂಬುದು ನನ್ನ ಎಣಿಕೆಯಾಗಿತ್ತು. ಆಕೆ ಹೇಳಿದ್ದು ಹಗುರವಾಗಿರಲಿಲ್ಲ.

ಅಂಗಡಿ ಇಷ್ಟು ಬೇಗ ತೆರೆಯುವುದಕ್ಕೂ ಒಂದು ಹಿನ್ನೆಲೆಯಿದೆ. ಸುತ್ತಲಿನ ಮನೆಗಳಲ್ಲಿ ಹೆಚ್ಚಿನವರು ಮೊದಲ ಪಾಳಿಗೆ ಹೋಗುವವರು. ಮಕ್ಕಳು ಗಾಢ ನಿದ್ದೆಯಲ್ಲಿರುವಾಗ ಅವರ ಫೋನು ಎತ್ತಿಕೊಂಡು ಬಂದು, ಬೀಗ ಹಾಕಿಸಿ, ಮಕ್ಕಳು ಕಣ್ಣು ಬಿಡುವುದರೊಳಗೆ ಇದ್ದಲ್ಲಿಯೇ ಇಡುವುದು ಇಲ್ಲಿನ ವಾಡಿಕೆ. ಅದಕ್ಕೆ “ನಿದ್ದೆಬೀಗ” ಎಂಬ ಹೆಸರೂ ಇತ್ತು. ದೊಡ್ಡ ಮಕ್ಕಳಾದರೆ ಗಾಜು ಬದಲಿಸುವ ನೆಪ. ಮಗ ತಾನೇ ಅಂಗಡಿಗೆ ಬಂದು ಒಡೆದ ಗಾಜು ತೋರಿಸುವ ಮುಂಚೆಯೇ ಅಮ್ಮ ಫೋನು ಮಾಡಿ ಹೇಳಿರುತ್ತಿದ್ದಳು. ಗಾಜೂ ಹೊಸದಾಗುತ್ತಿತ್ತು, ಒಳಗೆ ಬೀಗವೂ ಕೂತಿರುತ್ತಿತ್ತು. ಈ ಕೈಚಳಕದಿಂದಲೇ ಆಕೆಗೆ ಹೆಸರು ಬಂದದ್ದು.

“ನಾನು ಮೊದ್ಲು ಫೋನು ಜೋಡಿಸೋ ಫ್ಯಾಕ್ಟರಿಲಿ ಇದ್ದೆ ಮೇಡಂ. ಓಡೋ ಬೆಲ್ಟ್ ಮೇಲೆ ಬರೋ ಫೋನಿಗೆ ಕ್ಯಾಮೆರಾ ಕೂರಿಸೋದು. ಅದೊಂದೇ ಕೆಲಸ. ಇಡೀ ಫೋನು ಹೇಗಿರುತ್ತೆ ಅಂತ ನೋಡಿದ್ದು ಕೆಲಸ ಬಿಟ್ಮೇಲೆ.” ಕಾರ್ಖಾನೆ ಬೇರೆ ಕಡೆಗೆ ಹೋಯಿತು. ಗಂಡ ಸರಕು ಲಾರಿಯ ಚಾಲಕ, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಆಕೆ ಕೆಟ್ಟ ಫೋನುಗಳನ್ನು ಬಿಚ್ಚಿ ಬಿಚ್ಚಿಯೇ ಕಲಿತರು. ಶುರುವಿನಲ್ಲಿ ಹೆಂಗಸಿನ ಕೈಗೆ ಫೋನು ಕೊಡಲು ಗಂಡಸರು ಹಿಂಜರಿದರಂತೆ. “ಹೆಂಗಸರು ಬಂದ್ರು ನೋಡಿ. ಗಂಡನ ಫೋನು ಏನು ಹೇಳುತ್ತೆ ನೋಡಿಕೊಡು ಅಂತ ಬಂದ್ರು” ಎಂದು ನಗುತ್ತಾರೆ. ಆ ಕೆಲಸ ತಾನು ಮಾಡಲಿಲ್ಲ ಎಂದೂ ಸೇರಿಸುತ್ತಾರೆ. ಈಗ ದಿನಕ್ಕೆ ಹತ್ತು ಹನ್ನೆರಡು ಫೋನು ಕೈಗೆ ಬರುತ್ತವೆ. ಬೀಗದ ಕೆಲಸ ಮೂರೋ ನಾಲ್ಕೋ. ಮುಂಚೆ ಇದರ ಮೂರು ಪಟ್ಟು ಇತ್ತು.

ಹಾಗಾದರೆ ಬೀಗದಿಂದ ಉಪಯೋಗವಿದೆಯೇ? ಕೇಳಿದ ಕೂಡಲೇ ಅವರು ಕೈಯಲ್ಲಿದ್ದ ಫೋನು ಕೆಳಗಿಡುತ್ತಾರೆ.

“ಇಲ್ಲ ಅಂದ್ರೆ ಸುಳ್ಳಾಗುತ್ತೆ. ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಬೇಕೇ ಬೇಕು. ಹಿಂದಿನ ಬೀದಿ ದರ್ಜಿ ಮಗನಿಗೆ ಯಾರೋ ಆಟದೊಳಗೆ ಮೆಸೇಜ್ ಹಾಕ್ತಿದ್ದ. ನಾನೂ ನಿನ್ನ ವಯಸ್ಸಿನವನೇ ಅಂತ. ಬೀಗ ಇದ್ದಿದ್ದಕ್ಕೆ ಅಮ್ಮನಿಗೆ ಗೊತ್ತಾಯ್ತು. ಆ ಮೆಸೇಜ್ ನಾನೂ ಓದ್ದೆ. ಮಗು ಬರೆದಿದ್ದಲ್ಲ ಅದು. ಆ ಹುಡುಗ ಉಳ್ಕೊಂಡ.” ಕೆಳಗಿಟ್ಟ ಫೋನನ್ನು ಪಕ್ಕಕ್ಕೆ ಸರಿಸುತ್ತಾರೆ. “ಬೀಗದ್ದೇನೂ ತಪ್ಪಿಲ್ಲ ಮೇಡಂ. ಅದು ಹೇಳಿದಷ್ಟು ಮಾಡುತ್ತೆ. ಹಾಕಿದವರು, ಇನ್ನು ನಂದೇನಿದೆ ಅಂತ ಕೈ ತೊಳ್ಕೋತಾರಲ್ಲ, ಅಲ್ಲಿ ಕೆಡೋದು. ನಾನೂ ಹಾಗೇ ತೊಳ್ಕೊಂಡೆ.”

ಆಕೆಗೆ ಒಬ್ಬಳೇ ಮಗಳು. ಒಂಬತ್ತನೇ ತರಗತಿಯಲ್ಲಿದ್ದಾಗ ಅವಳ ಫೋನಿನ ಗಾಜು ಒಡೆಯಿತು. ಅಂಗಡಿ ಅಮ್ಮನದ್ದೇ, ಇನ್ನೆಲ್ಲಿಗೆ ಹೋಗುತ್ತಾಳೆ? ಅಮ್ಮ ಗಾಜು ಹಾಕಿದರು, ಜೊತೆಗೆ ಮಗಳಿಗೆ ಹೇಳದೆ ಬೀಗವನ್ನೂ ಹಾಕಿದರು. ಬೀಗದಲ್ಲಿ ಒಂದು ಜರಡಿಯಿರುತ್ತದೆ. ಯಾವ ಪುಟ ಕಾಣಬೇಕು, ಯಾವುದು ಕಾಣಬಾರದು ಎಂದು ಸೋಸುವುದು ಅದರ ಕೆಲಸ. ಸಡಿಲ, ನಡು, ಬಿಗಿ ಎಂದು ಮೂರು ಬಗೆ. ಅಮ್ಮ ಬಿಗಿ ಜರಡಿಯನ್ನೇ ಆರಿಸಿದರು.

“ಬಿಗಿ ಜರಡಿಗೆ ಆಸ್ಪತ್ರೆಯವರು ಬರೆದ ಪುಟಾನೂ ಒಂದೇ, ಹೊಲಸು ಪುಟಾನೂ ಒಂದೇ. ಮೈಯ ಯಾವುದೋ ಭಾಗದ ಹೆಸರು ಬಂತಾ, ಮುಚ್ಚು. ಅದು ನಂಗೆ ಗೊತ್ತಿತ್ತು. ಗೊತ್ತಿದ್ದೇ ಹಾಕ್ದೆ. ಹುಡುಗಿಗೆ ಅದೆಲ್ಲ ಈಗ್ಲೇ ಯಾಕೆ ಅಂತ.”

ವಾರಕ್ಕೊಮ್ಮೆ ಅಮ್ಮನ ಫೋನಿಗೆ ವರದಿ ಬರುತ್ತಿತ್ತು. ಮುಚ್ಚಿದ ಪುಟವನ್ನು ಮಗಳು ಎಷ್ಟು ಸಲ ತೆರೆಯಲು ಹೋದಳು ಎಂಬ ಸಂಖ್ಯೆ ಮೇಲೆಯೇ ಕಾಣುತ್ತಿತ್ತು. ಯಾವ ಪುಟ ಎಂದು ತಿಳಿಯಲು ಅದನ್ನೊಮ್ಮೆ ಒತ್ತಿದ್ದರೆ ಸಾಕಿತ್ತು. ಅವರು ಒತ್ತಲಿಲ್ಲ. ಯಾಕೆ ಎಂದು ಕೇಳಿದರೆ ನೇರವಾಗಿ ಹೇಳುತ್ತಾರೆ. “ಹೆದರಿಕೆ. ಒಳ್ಳೇದು ಏನೂ ಇರಲ್ಲ ಅಂದ್ಕೊಂಡಿದ್ದೆ. ನೋಡಿದ್ಮೇಲೆ ಕೇಳ್ಬೇಕಾಗುತ್ತೆ, ಕೇಳಿದ್ರೆ ಜಗಳ ಆಗುತ್ತೆ. ಹೇಗೂ ಬೀಗ ತಡೀತಿದೆಯಲ್ಲ, ಸುಮ್ನೆ ಇರೋಣ ಅಂತ.”

ಬರೀ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಅವರು ಆ ಸಂಖ್ಯೆಯನ್ನು ಗಿರಾಕಿಗಳಿಗೆ ತೋರಿಸತೊಡಗಿದರು. ಅನುಮಾನಿಸುವ ತಾಯಿ ತಂದೆ ಬಂದರೆ ತಮ್ಮ ಫೋನನ್ನು ಕೌಂಟರಿನ ಮೇಲೆ ತಿರುಗಿಸಿ ಇಡುತ್ತಿದ್ದರು. “ನೋಡಿ, ನನ್ನ ಮಗಳಿಗೇ ಹಾಕಿದ್ದೀನಿ. ಈ ವಾರ ಇಷ್ಟು ಸಲ ತಡೆದಿದೆ. ಕಣ್ಣಾರೆ ನೋಡಿ.” ವಾರದಿಂದ ವಾರಕ್ಕೆ ಸಂಖ್ಯೆ ಏರುತ್ತಾ ಹೋಯಿತು. ವ್ಯಾಪಾರವೂ ಏರಿತು.

ಮನೆಯಲ್ಲಿ ಮಗಳು ಬದಲಾಗಿದ್ದಳು. ಹರಟೆ ಕಡಿಮೆಯಾಯಿತು, ಆಟಕ್ಕೆ ಹೋಗುವುದು ನಿಂತಿತು. ಶಾಲೆಯಿಂದ ಬಂದವಳೇ ಮಂಡಿ ಮಡಚಿಕೊಂಡು ಮಲಗುತ್ತಿದ್ದಳು. ಫೋನನ್ನು ಮುಟ್ಟುವುದೂ ಕಡಿಮೆಯಾಯಿತು. ಅಮ್ಮ ಅದನ್ನೂ ಬೀಗದ ಖಾತೆಗೇ ಹಾಕಿದರು. “ಬೀಗ ಹಾಕಿದ್ಮೇಲೆ ಹುಡುಗಿ ಎಷ್ಟು ಶಾಂತ ಆದ್ಲು ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ನನ್ನ ನಾದಿನಿ ಒಂದ್ಸಲ ಕೇಳಿದ್ಲು, ಯಾಕೆ ಮಗು ಹೀಗೆ ಬಾಡಿದೆ ಅಂತ. ಫೋನಿನ ಚಟ ಬಿಡೋವಾಗ ಹೀಗೇ ಇರುತ್ತೆ, ಸರಿಹೋಗುತ್ತೆ ಅಂದೆ. ಎಲ್ಲ ತಿಳಿದವಳ ಹಾಗೆ ಹೇಳ್ದೆ.”

ಒಂದು ದಿನ ಶಾಲೆಯಲ್ಲಿ ಹುಡುಗಿ ಹೊಟ್ಟೆ ಹಿಡಿದುಕೊಂಡು ಕುಸಿದಳು. ಅಂಡಾಶಯದಲ್ಲಿ ನೀರುಗಡ್ಡೆ ಬೆಳೆದು, ಅದರ ಭಾರಕ್ಕೆ ಅಂಡಾಶಯವೇ ತಿರುಚಿಕೊಂಡಿತ್ತು. ಅಂದೇ ಶಸ್ತ್ರಚಿಕಿತ್ಸೆಯಾಯಿತು. ಒಂದು ಅಂಡಾಶಯವನ್ನು ತೆಗೆಯಬೇಕಾಯಿತು. ಇನ್ನೊಂದು ಚೆನ್ನಾಗಿದೆ, ಭಯ ಬೇಡ ಎಂದು ಡಾಕ್ಟರು ಸಮಾಧಾನ ಹೇಳಿದರು. ಮೊದಲೇ ತೋರಿಸಿದ್ದರೆ ಎರಡೂ ಉಳಿಯುತ್ತಿದ್ದವು ಎಂದೂ ಹೇಳಿದರು.

ಎಷ್ಟು ದಿನದಿಂದ ನೋವಿತ್ತು, ಯಾಕೆ ಹೇಳಲಿಲ್ಲ ಎಂದು ಡಾಕ್ಟರು ಹಾಸಿಗೆಯ ಪಕ್ಕ ನಿಂತು ಕೇಳಿದಾಗ ಅಮ್ಮನೂ ಅಲ್ಲೇ ಇದ್ದರು. ಮಗಳು ಕೊಟ್ಟ ಉತ್ತರವನ್ನು ಅವರು ಈಗ ಅಕ್ಷರ ಬಿಡದೆ ಹೇಳುತ್ತಾರೆ.

“‘ಫೋನಲ್ಲಿ ಹುಡುಕ್ದೆ ಡಾಕ್ಟ್ರೆ. ಎಷ್ಟು ಸಲ ಹುಡುಕಿದ್ರೂ, ಇದು ನಿನ್ನ ವಯಸ್ಸಿಗೆ ತಕ್ಕದ್ದಲ್ಲ ಅಂತ ಬರ್ತಿತ್ತು. ಬೇರೆ ಬೇರೆ ಥರ ಬರೆದು ನೋಡ್ದೆ. ಹಾಗೇ ಬಂತು. ಏನೋ ಹೊಲಸು ಕಾಯಿಲೆ ಬಂದಿರ್ಬೇಕು, ಯಾರನ್ನೂ ಕೇಳ್ಬಾರ್ದು ಅಂದ್ಕೊಂಡೆ.’ ಅಷ್ಟೇ ಹೇಳಿದ್ಲು. ನಾನು ಅಂಗಡಿಲಿ ಹೆಮ್ಮೆಯಿಂದ ತೋರಿಸ್ತಿದ್ದಿದ್ದು ಅದನ್ನೇ ಅಲ್ವಾ. ನನ್ನ ಮಗಳು ನೋವು ಅಂತ ಕೂಗಿದ್ದನ್ನ.”

ದೀಪದ ಬುಡದಲ್ಲೇ ಕತ್ತಲೆ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಎದುರಿಗೆ ಕುಳಿತು ಕೇಳುವವರಿಗೆ ಗಾದೆ ನಾಲಿಗೆಗೆ ಬರುವುದಿಲ್ಲ. ನನಗೆ ಸಂಕಟವಾಯಿತು. ಒಂದಿಷ್ಟು ಸಿಟ್ಟೂ ಬಂತು, ಆಕೆಯ ಮೇಲೆ ಮತ್ತು ಹಾಗೆ ಬರೆದು ಹೆದರಿಸುವ ಆ ಜರಡಿಯ ಮೇಲೆ. ಹುಡುಕುತ್ತಿರುವುದು ಮಗು ಎಂದು ಗೊತ್ತಿದ್ದ ಮೇಲೆ, ಹೋಗಿ ದೊಡ್ಡವರನ್ನು ಕೇಳು ಎಂದು ಒಂದು ಸಾಲು ಬರೆಯಬಹುದಿತ್ತಲ್ಲ. ನಾನು ಸಿಟ್ಟನ್ನು ಬಾಯಿಬಿಟ್ಟು ಹೇಳಲಿಲ್ಲ. ಆಕೆಗೆ ಅದು ಮುಖದಲ್ಲೇ ಕಂಡಿರಬೇಕು. “ಬೈಯೋರು ಬೈದಾಗಿದೆ ಮೇಡಂ” ಎಂದರು.

ನಾವು ಮಾತಾಡುತ್ತಿರುವಾಗಲೇ ಆ ತಂದೆ ವಾಪಸ್ಸು ಬರುತ್ತಾರೆ. ಹಿಂದೆ ಬಾಚದ ತಲೆಯ, ಕಣ್ಣುಜ್ಜುವ ಹುಡುಗಿ. ಮುಖ ಊದಿಸಿಕೊಂಡಿದ್ದಾಳೆ. ಬೀಗದಕ್ಕ ಒಂದು ಸ್ಟೂಲನ್ನು ಕೌಂಟರಿನ ಈಚೆ ಎಳೆದು ಅವಳನ್ನು ಕೂರಿಸುತ್ತಾರೆ. ತಂದೆ ನಿಂತೇ ಇರಬೇಕು, ಅಲ್ಲಿರುವುದು ಒಂದೇ ಸ್ಟೂಲು.

“ಅಪ್ಪ ನಿನ್ನ ಫೋನಿಗೆ ಬೀಗ ಹಾಕಿಸ್ಬೇಕು ಅಂತಿದ್ದಾರೆ. ನಿಂಗೆ ಏನನ್ಸುತ್ತೆ?”

“ಬೇಡ.”

“ಸರಿ. ಯಾಕಣ್ಣ ಬೇಕು, ನೀವು ಹೇಳಿ.”

ಬೆಳಗಿನ ಜಾವದವರೆಗೆ ಬೆಳಕು ಕಾಣುತ್ತದೆ, ಶಾಲೆಯಲ್ಲಿ ತೂಕಡಿಸುತ್ತಾಳಂತೆ, ಯಾರ ಜೊತೆ ಮಾತೋ ಏನೋ ಎಂದು ತಂದೆ ತಡವರಿಸುತ್ತಾರೆ. ಹುಡುಗಿ ಕತ್ತೆತ್ತಿ ನೋಡುತ್ತಾಳೆ. “ಯಾರ ಜೊತೇನೂ ಇಲ್ಲಪ್ಪ. ಚಿತ್ರ ಬಿಡಿಸೋದು ಹೇಗೆ ಅಂತ ನೋಡ್ತೀನಿ. ಕೇಳಿದ್ರೆ ಹೇಳ್ತಿರ್ಲಿಲ್ವಾ?” ತಂದೆ ಕೇಳಿರಲಿಲ್ಲ. ಮುಂದಿನ ಹತ್ತು ನಿಮಿಷ ಚೌಕಾಸಿ ನಡೆಯುತ್ತದೆ. ಮಲಗುವ ಹೊತ್ತಿನ ಮೇಲೆ ಫೋನು ಮಲಗಬೇಕು, ರಜೆಯ ದಿನ ಒಂದು ಗಂಟೆ ಹೆಚ್ಚು, ಗುರುತಿಲ್ಲದವರ ಸಂದೇಶ ಬೇಡ. ಇದಕ್ಕೆ ಹುಡುಗಿಯೂ ಒಪ್ಪುತ್ತಾಳೆ. ಬೀಗದಕ್ಕ ಏನೇನು ಮುಚ್ಚಿದೆ, ಏನೇನು ತೆರೆದಿದೆ ಎಂದು ಇಬ್ಬರಿಗೂ ಓದಿ ಹೇಳುತ್ತಾರೆ. ಆರೋಗ್ಯದ ಪುಟಗಳನ್ನು ಅವರು ಈಗ ಯಾವ ಮಗುವಿನ ಫೋನಿನಲ್ಲೂ ಮುಚ್ಚುವುದಿಲ್ಲ.

ಕೊನೆಗೆ ತಂದೆಯ ಕಡೆ ತಿರುಗುತ್ತಾರೆ. “ನಿಮ್ಮ ಫೋನಿಗೆ ಸುದ್ದಿ ಬರುತ್ತೆ, ಮಗಳು ಇಂಥದ್ದು ತೆರೆಯೋಕೆ ಹೋದ್ಲು ಅಂತ. ಆಗ ಏನು ನೋಡೋಕೆ ಹೋಗಿದ್ದೆ ಅಂತ ಕೇಳ್ಬೇಡಿ. ಏನು ತಿಳ್ಕೋಬೇಕಿತ್ತು ಪುಟ್ಟಿ ಅಂತ ಕೇಳಿ. ಅವತ್ತೇ ಕೇಳಿ, ನಾಳೆಗೆ ಇಡ್ಬೇಡಿ.”

ಎಲ್ಲರೂ ಹೀಗೆ ಮಗುವನ್ನು ಎಬ್ಬಿಸಿಕೊಂಡು ಬರುವುದಿಲ್ಲ. ನಿಲ್ದಾಣದ ಆಚೆ ಬದಿಯ ಅಂಗಡಿಯಲ್ಲಿ ಇಂದಿಗೂ ನಿದ್ದೆಬೀಗ ಹಾಕುತ್ತಾರೆ, ಮಾತಿಲ್ಲ ಕಥೆಯಿಲ್ಲ. ಅರ್ಧಕ್ಕಿಂತ ಹೆಚ್ಚು ಗಿರಾಕಿಗಳು ಅತ್ತ ಹೋದರು. “ಹೋಗ್ಲಿ ಬಿಡಿ. ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕ್ಕೊಂಡು ಕೂತವಳು ನಾನು. ಇನ್ನೊಬ್ಬರಿಗೆ ಎಷ್ಟು ಅಂತ ಹೇಳೋದು?” ಎಂದು ಮತ್ತೆ ಬಿಸಿಗಾಳಿಯ ಯಂತ್ರ ಎತ್ತಿಕೊಳ್ಳುತ್ತಾರೆ.

ಮಧ್ಯಾಹ್ನ ಊಟದ ಹೊತ್ತಿಗೆ ಅವರ ಮನೆಗೆ ಹೋಗುತ್ತೇನೆ. ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಗಳು. ಕೆಳಗಿನ ಬಿಸಿ ಹಬೆ ನೆಲದವರೆಗೂ ಏರಿ ಬರುತ್ತದೆ. ಕಿಟಕಿಯ ಸರಳಿಗೆ ಒಗೆದ ಕಾಲುಚೀಲಗಳು. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ, ಅಮ್ಮನಿಗಿಂತ ಒಂದು ಗೇಣು ಎತ್ತರ. ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕುಳಿತಿದ್ದಾಳೆ, ಫೋನು ಪಕ್ಕದಲ್ಲೇ ಇದೆ. ಅದಕ್ಕೆ ಯಾವ ಬೀಗವೂ ಇಲ್ಲ. ಆಸ್ಪತ್ರೆಯಿಂದ ಬಂದ ದಿನವೇ ಅಮ್ಮ ತೆಗೆದರು.

ಅವಳ ಹತ್ತಿರ ಈ ಮಾತು ಎತ್ತುವುದು ಹೇಗೆಂದು ನನಗೇ ತೋಚದೆ ಕುಳಿತಿದ್ದೆ. ಅವಳೇ ದಾರಿ ಮಾಡಿಕೊಟ್ಟಳು.

“ಅಮ್ಮ ಎಲ್ಲ ಹೇಳಿರ್ತಾರೆ. ಬಂದೋರಿಗೆಲ್ಲ ಹೇಳ್ತಾರೆ, ಹೇಳ್ದಿದ್ರೆ ಅವರಿಗೆ ಸಮಾಧಾನ ಇಲ್ಲ. ನಂಗೆ ಕೋಪ ಇಲ್ಲ ಮೇಡಂ. ಮೊದ್ಲು ಇತ್ತು. ಬೀಗ ಹಾಕಿದ್ರು ಅಂತಲ್ಲ. ನಾನು ಅಷ್ಟು ದಿನ ಪಕ್ಕದಲ್ಲೇ ಮಲಗಿದ್ನಲ್ಲ, ಒಂದು ಸಲಾನೂ ತಿರುಗಿ ಏನಾಯ್ತು ಅಂತ ಕೇಳ್ಲಿಲ್ವಲ್ಲ, ಅದಕ್ಕೆ. ಈಗ ಅದೂ ಇಲ್ಲ.” ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾಳೆ. “ಆದ್ರೆ ಮೈಗೆ ಏನಾದ್ರೂ ಆದ್ರೆ ನಾನು ಮೊದ್ಲು ಹೇಳೋದು ಅತ್ತೆಗೆ. ಅಮ್ಮನ ಎದುರಿಗೆ ನಿಂತ್ರೆ ಬೇರೇನೋ ಹೇಳಿ ಬಂದ್ಬಿಡ್ತೀನಿ. ಬೇಕಂತ ಮಾಡೋದಲ್ಲ ಅದು.”

ಅತ್ತೆ ಅಂದರೆ ಅಪ್ಪನ ತಂಗಿ, ಆಗ ಮಗು ಯಾಕೆ ಬಾಡಿದೆ ಎಂದು ಕೇಳಿದ್ದವರು. ಪಕ್ಕದ ಬೀದಿಯಲ್ಲೇ ಮನೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿದ್ದು ನಮ್ಮಿಬ್ಬರಿಗೂ ತಿಳಿಯಿತು. ಮಗಳು ದನಿ ತಗ್ಗಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಲ್ಲಿ ಮತ್ತೆ ಹರಿಯಿತು.

ಬೀಳ್ಕೊಡಲು ಬೀಗದಕ್ಕ ಮೆಟ್ಟಿಲಿಳಿದು ಬರುತ್ತಾರೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬೀದಿಯನ್ನೇ ನೋಡುತ್ತಾ ನಿಲ್ಲುತ್ತಾರೆ.

“ಅವಳು ಹೇಳಿದ್ದು ಕೇಳಿಸ್ತು. ಹೊಸದೇನಲ್ಲ, ನಂಗೆ ಗೊತ್ತಿರೋದೇ. ಹೋದ ತಿಂಗಳು ಅವಳಿಗೆ ಜ್ವರ ಬಂದಿತ್ತು. ನಾದಿನಿ ಫೋನು ಮಾಡಿ ಹೇಳಿದ್ಮೇಲೆ ಗೊತ್ತಾಯ್ತು. ಅಂಗಡಿ ಮುಚ್ಚಿ ಬಂದು, ಏನೂ ಗೊತ್ತಿಲ್ದವಳ ಹಾಗೆ ಹಣೆ ಮುಟ್ಟಿ ನೋಡ್ದೆ. ಅವಳೂ ಸುಮ್ನಿದ್ಲು. ನಾದಿನಿ ಹತ್ರ ಆದ್ರೂ ಹೇಳ್ತಾಳಲ್ಲ, ಅದು ನನ್ನ ಪುಣ್ಯ ಅಂದ್ಕೋತೀನಿ.”

ನಿಮಗೇನು ಆಸೆ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು.

“ದೊಡ್ಡ ದೊಡ್ಡ ವಿಷ್ಯ ನಂಗೆ ಹೇಳ್ಬೇಕು ಅಂತ ಇಲ್ಲ ಮೇಡಂ. ಯಾವತ್ತಾದ್ರೂ ಒಂದು ದಿನ, ನಾನು ಕೇಳ್ದೆ, ತಾನಾಗೇ ಬಂದು, ಅಮ್ಮ ನೋವಾಗ್ತಿದೆ ಅಂತ ಹೇಳ್ಲಿ. ತಲೆನೋವಾದ್ರೂ ಸಾಕು.”